ಅಲೆ ಇಲ್ಲದ ಜಾಗ

ನನಗೆ ನೀರೆಂದರೆ ಅಂಜಿಕೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಮದುವೆಯಾದಾಗಿನಿಂದ ನಮ್ಮ ಮನೆಯವರು ಇದನ್ನು ಕಂಡಕಂಡವರ ಮುಂದೆಲ್ಲ ಹೇಳಿ ನಕ್ಕಿದ್ದಾರೆ. ನಾನು ಹುಟ್ಟಿ ಬೆಳೆದದ್ದು ನವಲಗುಂದದ ಹತ್ತಿರದ ಹಳ್ಳಿಯಲ್ಲಿ. ಕಪ್ಪು ಮಣ್ಣಿನ ಎರೆಭೂಮಿ. ಬಾವಿ ತೋಡಿದರೆ ಉಪ್ಪು ನೀರು, ಊರಿಗೆಲ್ಲ ಕುಡಿಯಲು ಇದ್ದದ್ದು ಒಂದೇ ಕೆರೆ. ಚಪ್ಪಲಿಯನ್ನು ದೂರ ಬಿಟ್ಟು, ಕೊನೆಯ ಮೆಟ್ಟಿಲ ಮೇಲೆ ನಿಂತು, ಬಗ್ಗಿ ಕೊಡ ತುಂಬಿಕೊಂಡು ಬರಬೇಕು. ನೀರಿಗೆ ಕಾಲಿಟ್ಟ ಮಕ್ಕಳಿಗೆ ಕೆರೆಯ ಕಾವಲುಗಾರ ಬಾಸುಂಡೆ ಏಳುವಂತೆ ಬಾರಿಸುತ್ತಿದ್ದ. ಹೀಗಾಗಿ ನಮ್ಮ ಊರಲ್ಲಿ ಈಜು ಬಲ್ಲವರನ್ನು ನಾನು ನೋಡಿದ್ದೇ ಇಲ್ಲ.

ನಮ್ಮ ಮನೆಯವರ ಊರು ಕಲಘಟಗಿ ಕಡೆಯ ಬಮ್ಮಿಗಟ್ಟಿ. ಆ ಕಡೆ ಹುಡುಗರು ನಡೆಯಲು ಕಲಿತ ಕೂಡಲೇ ಎಮ್ಮೆಯ ಬಾಲ ಹಿಡಿದು ಕೆರೆಗೆ ಇಳಿಯುತ್ತಾರಂತೆ. ಮದುವೆಯಾದ ಹೊಸದರಲ್ಲಿ ಇವರು ನನ್ನನ್ನು ಕೆರೆಯ ಏರಿಯ ಮೇಲೆ ನಿಲ್ಲಿಸಿ, ಅಂಗಿ ಕಳಚಿ ಧುಮುಕಿ, ನಡುನೀರಿನಲ್ಲಿ ಕಾಣೆಯಾದರು. ನಾನು ಹೋ ಎಂದು ಅತ್ತೆ. ಆಚೆ ದಂಡೆಯಲ್ಲಿ ಎದ್ದು ನಿಂತು ಕೈ ಬೀಸಿ ನಕ್ಕರು. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಈಗ ನವಲಗುಂದದಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಬೀಜದ ಕಂಪನಿಯವರು ಜೋಡಿಯಾಗಿ ಪ್ರವಾಸಕ್ಕೆ ಕರೆದೊಯ್ಯುವುದು ಈ ವ್ಯಾಪಾರದಲ್ಲಿ ವಾಡಿಕೆ. ಹಿಂದೆ ಊಟಿ ನೋಡಿಸಿದ್ದರು. ಊಟಿಯಲ್ಲಿ ಚಳಿ ಬಿಟ್ಟರೆ ಅಂಜುವಂಥದ್ದು ಏನೂ ಇರಲಿಲ್ಲ. ಈ ಸಲ ಅಂಡಮಾನ. ನಾಲ್ಕೂ ಕಡೆ ನೀರಿರುವ ನೆಲಕ್ಕೆ ಬುದ್ಧಿ ಇದ್ದವರು ದುಡ್ಡು ಕೊಟ್ಟರೂ ಹೋಗಬಾರದು ಎಂದು ನಾನು ವಾದಿಸಿದೆ. ಟಿಕೆಟ್ ಬಂದಾಗಿತ್ತು. ವಿಮಾನ, ಆಮೇಲೆ ಹಡಗು, ಆಮೇಲೆ ಇನ್ನೂ ಚಿಕ್ಕದೊಂದು ದ್ವೀಪ. ದಾರಿಯುದ್ದಕ್ಕೂ ಇವರ ತೋಳು ಹಿಡಿದು ಕಣ್ಣು ಮುಚ್ಚಿಕೊಂಡೇ ಕುಳಿತಿದ್ದೆ.

ಅಲ್ಲಿ ಮುಟ್ಟಿದ ಮರುದಿನ, ತಿಂಡಿಯ ಹೊತ್ತಿಗೆ, ಟೂರ್ ಮ್ಯಾನೇಜರ್ ನಮ್ಮೆಲ್ಲರನ್ನೂ ಒಂದು ಕಡೆ ಕೂಡಿಸಿದ. ಹುಬ್ಬಳ್ಳಿಯವನೇ, ಮಾತುಗಾರ.

"ಇವತ್ತು ಇಡೀ ದಿವಸ ನಿಮ್ದ ಐತ್ರಿ. ಇಲ್ಲಿ ಛಲೋ ಬೀಚ್ ಅಂದ್ರ ಮೂರು. ಎಲ್ಲಾರೂ ಕೂಡಿ ಒಂದು ಆರಿಸ್ರಿ."

"ನಮ್ಮಾಕಿ ಆರಿಸಲಿ," ಎಂದರು ಇವರು, ಎಲ್ಲರಿಗೂ ಕೇಳುವ ಹಾಗೆ. "ಇಕಿ ಅಂಜಲಾರದ ಜಾಗಾ ಅಂದ್ರ, ಅಲ್ಲಿ ಕೂಸಿಗೂ ಏನೂ ಆಗೂದಿಲ್ಲ."

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಆದರೂ ಮ್ಯಾನೇಜರನ ಮೊಬೈಲ್ ಇಸಿದುಕೊಂಡು ಮೂರೂ ಬೀಚಿನ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ನಗುವವರು ನಗಲಿ, ಸಾಯುವುದಾದರೆ ಎಲ್ಲರೂ ಕೂಡಿಯೇ ಸಾಯಬೇಕಲ್ಲ.

ಮೊದಲನೆಯದು ಕಲ್ಲು, ಹವಳದ ಬೀಚು. ಫೋಟೋದ ಮೂಲೆಯಲ್ಲಿ ಒಂದು ಬೋರ್ಡಿತ್ತು, ಬೋರ್ಡಿನ ಮೇಲೆ ಮೊಸಳೆ. "ಅದು ಸುಮ್ನ ಹಾಕಿರತಾರ್ರಿ ಅಕ್ಕಾರ," ಎಂದ ಮ್ಯಾನೇಜರ್. ಸುಮ್ಮನೆ ಯಾರೂ ಮೊಸಳೆಯ ಚಿತ್ರ ಬರೆಸುವುದಿಲ್ಲ. ಎರಡನೆಯದರಲ್ಲಿ ನೀರು ಮೊಣಕಾಲಿನಷ್ಟೇ, ಬೇಕಾದಷ್ಟು ದೂರ ನಡೆದುಕೊಂಡು ಹೋಗಬಹುದು ಎಂದ. ನನಗೆ ಒಪ್ಪಿಗೆಯಾಯಿತು. ಆದರೆ ಅವನು ಮಾತು ಮುಂದುವರಿಸಿ, ಮಧ್ಯಾಹ್ನ ಅಲ್ಲಿ ನೀರು ಒಳಕ್ಕೆ ಸರಿದು ಹೋಗುತ್ತದೆ, ಸಂಜೆಗೆ ಮತ್ತೆ ಗಿಡಗಳ ಬುಡದ ತನಕ ಬರುತ್ತದೆ ಎಂದ. ಜಾಗ ಬಿಟ್ಟು ಓಡಾಡುವ ನೀರನ್ನು ನಾನು ಕೇಳಿರಲಿಲ್ಲ.

"ಹೋದ ನೀರು ತಿರುಗಿ ಬರೂಮುಂದ ನಾವು ಎಲ್ಲಿರಬೇಕೋ ತಮ್ಮಾ?" ಎಂದು ಕೇಳಿದೆ. ಅದಕ್ಕೂ ನಕ್ಕರು.

ಮೂರನೆಯದು ಉದ್ದಕ್ಕೆ ಬಿಳಿ ಮರಳು. ಅಲೆಗಳೇನೋ ಇದ್ದವು. ಆದರೆ ಒಂದು ಎತ್ತರದ ಕಟ್ಟಿಗೆಯ ಅಟ್ಟ, ಅದರ ಮೇಲೆ ಕೆಂಪು ಅಂಗಿಯ ಕಾವಲುಗಾರ ಕುಳಿತಿದ್ದ. ಕಾವಲಿದ್ದ ನೀರು ಒಳ್ಳೆಯ ನೀರು ಎಂಬುದು ನಮ್ಮೂರಿನ ಲೆಕ್ಕ. ಅದನ್ನೇ ಆರಿಸಿದೆ.

ಬಸ್ಸಿಳಿದು ಮರಗಳ ನಡುವಿನಿಂದ ಹೊರಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಫೋಟೋದಲ್ಲಿ ಸದ್ದು ಇರುವುದಿಲ್ಲ. ಇಲ್ಲಿ ಅಲೆ ಬಿದ್ದಾಗಲೆಲ್ಲ ನೆಲ ನಡುಗಿದಂತಾಗುತ್ತಿತ್ತು. ಕಾವಲುಗಾರನ ಅಟ್ಟದ ಮುಂದೆ ಕೆಂಪು ಹಳದಿ ಬಾವುಟಗಳನ್ನು ಎರಡು ಕಡೆ ನೆಟ್ಟಿದ್ದರು. ನಾವು ಅವನ್ನು ಅಲಂಕಾರವೆಂದುಕೊಂಡೆವು. ಬಾವುಟಗಳ ನಡುವೆ ಜನವೋ ಜನ, ಅಲೆ ಬಂದಾಗ ಎಲ್ಲರೂ ಹಾರಿ ಕಿರುಚುತ್ತಿದ್ದರು. ಅದನ್ನು ನೋಡಿ ನಾನು ಮರದ ಬುಡಕ್ಕೇ ಸರಿದೆ.

"ನಾ ಇಲ್ಲೇ ಕುಂದರ್ತೇನ್ರಿ. ನೀವು ಹೋಗಿಬರ್ರಿ," ಎಂದೆ.

"ಇಷ್ಟು ದೂರ ಬಂದು ಕುಂದರ್ತಿ? ಬಾ ಇಲ್ಲಿ." ಇವರು ಅತ್ತ ಇತ್ತ ನೋಡಿ, ಬಾವುಟಗಳಿಂದ ಸಾಕಷ್ಟು ಆಚೆಗೆ ಬೆರಳು ತೋರಿಸಿದರು. ಅಲ್ಲಿ ಎಡಕ್ಕೂ ಬಲಕ್ಕೂ ಅಲೆ ಒಡೆಯುತ್ತಿದ್ದರೂ ನಡುವೆ ಒಂದು ಪಟ್ಟಿಯಷ್ಟು ನೀರು ಸುಮ್ಮನಿತ್ತು. ನೊರೆ ಇಲ್ಲ, ಸದ್ದಿಲ್ಲ. "ನೋಡು, ಅಲ್ಲಿ ಅಲಿನ ಇಲ್ಲ. ಅಗದಿ ನಮ್ಮ ಕೆರಿ ಇದ್ದಂಗ ಐತಿ. ನಿನ್ನಂಥಾಕಿಗೆ ಆ ಜಾಗಾನ ಛಲೋ."

ನನಗೂ ಹಾಗೇ ಅನಿಸಿತು. ನನ್ನಂಥವಳಿಗೂ, ಇವರಂಥವರಿಗೂ ಅಲುಗಾಡದ ನೀರೇ ಒಳ್ಳೆಯ ನೀರು. ಗಂಡ ಹೆಂಡತಿ ನೀರಿನ ವಿಷಯದಲ್ಲಿ ಒಂದೇ ಮಾತಿಗೆ ಬಂದದ್ದು ಅದೇ ಮೊದಲು.

ನಾನು ಸೀರೆ ಎತ್ತಿ ಕಟ್ಟಿಕೊಂಡು ಒದ್ದೆ ಮರಳಿನ ಅಂಚಿನಲ್ಲಿ ನಿಂತೆ. ಇವರು ಮುಂದೆ ನಡೆದರು. ಮೊಣಕಾಲು ಮಟ್ಟ, ನಡು ಮಟ್ಟ, ಎದೆ ಮಟ್ಟ. ತಿರುಗಿ ನಿಂತು, "ನೋಡಿದೇನ? ಬಾ, ಏನೂ ಆಗೂದಿಲ್ಲ," ಎಂದು ಕೂಗಿದರು. ನಾನು ತಲೆ ಅಲ್ಲಾಡಿಸಿದೆ. ಮತ್ತೆ ನೋಡಿದಾಗ ತಲೆಯಷ್ಟೇ ಕಾಣುತ್ತಿತ್ತು, ಅದೂ ದೂರದಲ್ಲಿ.

ಮತ್ತೆ ಆಟ ಹೂಡಿದರು ಎಂದುಕೊಂಡೆ. ಬಮ್ಮಿಗಟ್ಟಿಯ ಕೆರೆಯಲ್ಲಿ ಮಾಡಿದ್ದನ್ನು ಇಲ್ಲಿಯೂ ಮಾಡುತ್ತಿದ್ದಾರೆ, ಈ ಸಲ ಅಳಬಾರದು ಎಂದು ಹಲ್ಲು ಕಚ್ಚಿ ನಿಂತೆ. ಇವರು ನನ್ನ ಕಡೆಗೇ ಈಜುತ್ತಿದ್ದರು. ಕೈ ಬೀಸಿ ಬೀಸಿ, ಜೋರಾಗಿ. ಆದರೆ ಹತ್ತಿರ ಬರುತ್ತಿರಲಿಲ್ಲ. ಈಜುತ್ತಿರುವ ಮನುಷ್ಯ ಹಿಂದೆ ಹಿಂದೆ ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಬಾಯಿ ತೆರೆದಿತ್ತು, ಆ ಮುಖದಲ್ಲಿ ನಗು ಇರಲಿಲ್ಲ.

ಕೂಗಬೇಕೆಂದರೆ ದನಿ ಹೊರಡಲಿಲ್ಲ. ಕುಬಿಹಾಳದ ಅಂಗಡಿಯವರ ಹೆಂಡತಿ, ಪ್ರವಾಸದಲ್ಲಿ ನನಗೆ ಜೊತೆಯಾಗಿದ್ದ ಅಕ್ಕ, ನನ್ನ ಹಿಂದೆಯೇ ನಿಂತಿದ್ದಳು. ಅವಳ ಸೆರಗು ಹಿಡಿದು ಜಗ್ಗಿ ಕೈ ಮಾಡಿ ತೋರಿಸಿದೆ. ಅವಳು ಒಂದು ಸಲ ನೋಡಿದ್ದೇ ತಡ, "ಹಿಡೀರಿ, ಯಾರರ ಹಿಡೀರಿ ಅವರ್ನ," ಎಂದು ಕೂಗುತ್ತ ಅಟ್ಟದ ಕಡೆ ಓಡಿದಳು.

ನಾನು ನೀರಿಗೆ ನಡೆದೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ಹೋಗಿ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನೀರು ನಡುವಿಗೆ ಬಂದಾಗ ಕಾಲ ಕೆಳಗಿನ ಮರಳು ಜಾರತೊಡಗಿತು. ಸುಮ್ಮನೆ ಕಾಣುತ್ತಿದ್ದ ಆ ನೀರು ನನ್ನ ಕಾಲುಗಳನ್ನು ಹಿಡಿದು ಒಳಕ್ಕೆ ಎಳೆಯಿತು. ಊರಲ್ಲಿ ಬಿಟ್ಟು ಬಂದ ಮಕ್ಕಳಿಬ್ಬರ ಮುಖ ಕಣ್ಣ ಮುಂದೆ ಬಂತು. ಹಿಂದೆ ಸರಿದೆ. ಗಂಡನನ್ನು ಅಲ್ಲೇ ಬಿಟ್ಟು ಹಿಂದೆ ಸರಿದೆ. ಅಂಥ ಅಂಜಿಕೆ ಯಾರಿಗೂ ಬೇಡ.

ಕಾವಲುಗಾರ ಹಿಡಿದು ತೇಲುವ ಕೆಂಪು ಡಬ್ಬಿಯಂಥದ್ದೊಂದನ್ನು ಎಳೆದುಕೊಂಡು ನೀರಿಗೆ ಬಿದ್ದ. ಆಮೇಲೆ ಎರಡೂ ತಲೆಗಳು ಅಲೆಯ ಹಿಂದೆ ಮರೆಯಾದವು. ನಾನು ದಂಡೆಗುಂಟ ಓಡಿದೆ, ಬಿದ್ದೆ, ಎದ್ದು ಮತ್ತೆ ಓಡಿದೆ. ಬಹಳ ಆಚೆಗೆ, ಅಲೆ ಒಡೆಯುವ ಕಡೆಯಲ್ಲಿ, ಅವನು ಇವರನ್ನು ಬಗಲಲ್ಲಿ ಹಿಡಿದು ಹೊರಗೆ ತಂದ. ಮರಳ ಮೇಲೆ ಮಗ್ಗುಲಾಗಿ ಮಲಗಿಸಿದ. ಇವರು ಕಾರಿದರು, ಕೆಮ್ಮಿದರು, ಉಸಿರು ತೆಗೆದುಕೊಂಡರು. ಕಾವಲುಗಾರ ಹಿಂದಿಯಲ್ಲಿ ಬೈಯುತ್ತಲೇ ಇದ್ದ: ಬಾವುಟ ಕಾಣಿಸಲಿಲ್ಲವೇ, ನೀರಿಗೆ ಇಳಿಯುವುದು ಅವುಗಳ ನಡುವೆ ಮಾತ್ರ, ಅಲೆ ಒಡೆಯದ ಜಾಗದಲ್ಲೇ ನೀರು ಸಮುದ್ರಕ್ಕೆ ತಿರುಗಿ ಹೋಗುತ್ತದೆ, ಯಾವ ಊರಿನವರು ನೀವು. ನಾನು ಅವನ ಕಾಲಿಗೆ ಬಿದ್ದೆ. ಅವನು ಹೌಹಾರಿ ಹಿಂದೆ ಸರಿದ.

ಡಾಕ್ಟರು ಬಂದು ನೋಡಿ ಏನೂ ತೊಂದರೆಯಿಲ್ಲ ಎಂದರು. ಆ ಸಂಜೆ ಇವರು ಒಂದೇ ಒಂದು ಮಾತು ಆಡಿದರು. "ಕಡೀತನಕಾ ನಾ ಈಸೂದು ಬಿಟ್ಟಿರಲಿಲ್ಲ," ಎಂದು. ಯಾರೋ ತಪ್ಪು ಹೊರಿಸಿದ್ದಾರೇನೋ ಎಂಬಂತೆ.

ಮರುದಿನ ಬೆಳಿಗ್ಗೆ ಹಡಗಿನಲ್ಲಿ ಹೊರಡಬೇಕಿತ್ತು. ಎಲ್ಲರೂ ಹತ್ತಿದರು. ಇವರು ಬ್ಯಾಗು ಹಿಡಿದುಕೊಂಡು ಹಡಗುಕಟ್ಟೆಯ ಮೇಲೆ ನಿಂತೇ ಇದ್ದರು.

"ಏನ್ರಿ ಸಾಹುಕಾರ, ಹತ್ರಿ," ಎಂದ ಮ್ಯಾನೇಜರ್.

"ಇಲ್ಲಿಂದ ರಸ್ತೆ ಇಲ್ಲೇನು?" ಎಂದು ಕೇಳಿದರು ಇವರು.

ಹಡಗಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಇವರು ತಮಾಷೆಗೆ ಹೆಸರಾದವರು. ನಾನು ಮಾತ್ರ ಇವರ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ. ನಿನ್ನೆ ನೀರಿನಲ್ಲಿ ಆಗದಷ್ಟು ದಿಗಿಲು ಆಗ ಆಯಿತು. ಇವರು ಅಂಜುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ಮನಸಾರೆ ಅಂಜಿಕೊಂಡು ಬದುಕಿದ್ದೆ. ಮನೆಯಲ್ಲಿ ಇಬ್ಬರೂ ಅಂಜಿದರೆ ಮಕ್ಕಳ ಗತಿ ಏನು, ಅಂಗಡಿಯ ಗತಿ ಏನು, ನನ್ನ ಗತಿ ಏನು?

ಇಳಿದು ಹೋಗಿ ಬ್ಯಾಗು ಇಸಿದುಕೊಂಡೆ. ರಟ್ಟೆ ಹಿಡಿದು ಹತ್ತಿಸಿದೆ. ಇವರನ್ನು ಒಳಗಿನ ಕುರ್ಚಿಯಲ್ಲಿ ಕೂಡಿಸಿ ನಾನು ಕಿಟಕಿಯ ಕಡೆ ಕುಳಿತೆ, ಇವರಿಗೆ ನೀರು ಕಾಣದ ಹಾಗೆ. ಹಡಗು ಹೊರಟಿತು. ನೀರು ಗಾಜಿನ ಆಚೆ, ನನ್ನ ಮೊಣಕೈ ಪಕ್ಕದಲ್ಲೇ ಏಳುತ್ತಿತ್ತು, ಬೀಳುತ್ತಿತ್ತು. ಬರುವಾಗಿನಂತೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು, ಮುಚ್ಚಲಿಲ್ಲ.

"ನಿನಗ ಅಂಜಿಕಿ ಆಗವಲ್ದೇನ?" ಎಂದು ಕೇಳಿದರು, ಮೆಲ್ಲಗೆ.

"ಇಲ್ರಿ," ಎಂದೆ.

ನನ್ನ ಅಂಜಿಕೆಯನ್ನು ಊರಿಗೆಲ್ಲ ಹೇಳಿ ನಕ್ಕಿದ್ದ ಮನುಷ್ಯ, ಆ ಮಾತನ್ನು ನಂಬಿ ಕಣ್ಣು ಮುಚ್ಚಿದರು.