ತುಬಚಿ ರಸ್ತೆಗೊಂದು ಅರ್ಧ ಲೈಸೆನ್ಸ್

ಖಾಲಿ ಪಿಕಪ್ ಗಾಡಿಯಲ್ಲಿ ಮಂದಿಯನ್ನು ಕೂರಿಸಬೇಡಿ. ಹೆಂಡತಿಯ ತವರಿನವರನ್ನಂತೂ ಕೂರಿಸಲೇಬೇಡಿ. ನಿಮಗೆ ಈ ಬುದ್ಧಿಮಾತು ಪುಕ್ಕಟೆ ಸಿಗುತ್ತಿದೆ. ನಾನು ಇದಕ್ಕೆ ಮೂರು ತಿಂಗಳ ಲೈಸೆನ್ಸ್ ತೆತ್ತಿದ್ದೇನೆ.

ನಾನು ಕಬ್ಬಿನ ಸಸಿ ಬೆಳೆಸಿ ಮಾರುವವನು. ಸಮೀರವಾಡಿಯ ಹತ್ತಿರ ನನ್ನ ನರ್ಸರಿ. ಕಬ್ಬಿನ ಗೆಣ್ಣಿನಲ್ಲಿ ಮೊಳೆಯುವ ಒಂದೊಂದೇ ಕಣ್ಣನ್ನು ಟ್ರೇಯಲ್ಲಿಟ್ಟು, ತಿಂಗಳ ಸಸಿ ಮಾಡಿ, ರೈತರ ಹೊಲಕ್ಕೆ ನಾನೇ ಮುಟ್ಟಿಸುತ್ತೇನೆ. ಒಂದು ದಿನ ಬೀಳಗಿ ಕಡೆ ಸಸಿ ಇಳಿಸಿ ಬರುವಾಗ, ಮದುವೆ ಊಟ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಅತ್ತೆಮನೆಯವರು ಹದಿನಾಲ್ಕು ಜನ ಗಾಡಿ ನಿಲ್ಲಿಸಲು ಕೈ ಮಾಡಿದರು. ಗಾಡಿ ಖಾಲಿ ಓಡುವುದನ್ನು ಕಂಡರೆ ನನಗೂ ಹೊಟ್ಟೆ ಉರಿಯುತ್ತದೆ. ಹತ್ತಿಸಿಕೊಂಡೆ. ದಾರಿಯಲ್ಲಿ ತಪಾಸಣೆ ಇತ್ತು. ಸರಕಿನ ಗಾಡಿಯಲ್ಲಿ ಮಂದಿ ಸಾಗಿಸಿದ್ದಕ್ಕೆ ಮೊದಲು ನೋಟಿಸು ಬಂತು, ಆಮೇಲೆ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು.

ಅಷ್ಟರಲ್ಲಿ ತುಬಚಿಯ ರೈತರೊಬ್ಬರ ಸಸಿ ಹದಕ್ಕೆ ಬಂದಿತ್ತು. ಇನ್ನೊಂದು ವಾರ ಟ್ರೇಯಲ್ಲೇ ಬಿಟ್ಟರೆ ಬೇರು ಸುತ್ತಿಕೊಂಡು ಸಸಿ ಹಳದಿಯಾಗುತ್ತದೆ. ಅವರು ಹೊಲ ಹದ ಮಾಡಿ, ಸಾಲು ಬಿಟ್ಟು, ನೀರು ಹಾಯಿಸಿ ಕೂತಿದ್ದರು.

"ಸೋಮವಾರದೊಳಗ ಸಸಿ ಬರಲಿಲ್ಲಂದ್ರ ನಾ ಬೀಜದ ಕಬ್ಬ ಕಡದು ಹಚ್ಚತೇನಿ ನೋಡ್ರಿ," ಎಂದರು ಫೋನಿನಲ್ಲಿ. "ಮುಂದಿನ ವರ್ಷ ನಿಮ್ಮ ಬಾಗಲಕ್ಕ ಬರೂದಿಲ್ಲ."

ಬಾಡಿಗೆ ಡ್ರೈವರ್ ಹುಡುಕಿದೆ. ಕಬ್ಬಿನ ಸುಗ್ಗಿ ಅದು. ಸ್ಟೇರಿಂಗ್ ಹಿಡಿಯಬಲ್ಲವರೆಲ್ಲ ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರ್ ಮೇಲಿದ್ದರು. ಪರದೇಶದಲ್ಲಿ ಲೈಸೆನ್ಸ್ ಕಳೆದುಕೊಂಡವರಿಗೂ ಕೆಲಸಕ್ಕೆ ಹೋಗಿಬರುವಷ್ಟು ಅನುಮತಿ ಕೊಡುತ್ತಾರೆಂದು ಮೊಬೈಲಿನಲ್ಲಿ ಕಂಡಿತು. ಅವರಿಗೆ ಕೊಡುವುದಾದರೆ ನನಗೇಕಿಲ್ಲ?

ಅರ್ಜಿ ಬರೆಯುವುದಕ್ಕೂ ಒಂದು ರೀತಿ ಇದೆ. ನನಗೆ ಬೇಕಾಗಿದ್ದದ್ದು ತುಬಚಿ ರಸ್ತೆ, ಮುಂಜಾನೆ ಹೊತ್ತು, ಒಂದು ಗಾಡಿ. ನಾನು ಬರೆದದ್ದು ನಾಲ್ಕು ತಾಲೂಕು, ಹಗಲು ರಾತ್ರಿ, ಪಿಕಪ್ಪು, ಟ್ರ್ಯಾಕ್ಟರು ಮತ್ತು ಮೋಟರ್ ಸೈಕಲ್ಲು. ಹತ್ತು ಕೇಳಿದರೆ ತಾನೇ ಐದಕ್ಕೆ ಇಳಿಯಲು ಜಾಗ ಇರುವುದು?

ಜಮಖಂಡಿಯ ಆರ್‌ಟಿಒ ಕಚೇರಿಯಲ್ಲಿ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿದರು.

"ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಯಜಮಾನ್ರ, ವಿಜಯಪುರ ಯಾಕ ಬಿಟ್ರಿ?"

"ಅದನ್ನ ನಿಮ್ಮ ಮರ್ಜಿಗೆ ಬಿಟ್ಟೇನ್ರಿ ಸಾಹೇಬ್ರ."

"ಹಿಂಗ ಅರ್ಧ ಲೈಸನ್ಸ್ ಕೊಡೂದು ನಮ್ಮ ಕಾಯ್ದೇದಾಗ ಇಲ್ರಿ. ಆದೇಶ ತಪ್ಪು ಅನಸಿದ್ರ ಮ್ಯಾಲಿನವರಿಗೆ ಅಪೀಲ್ ಹಾಕ್ರಿ."

"ಹೋಗಲಿ, ಬೀಳಗಿ ಬಿಡತೇನ್ರಿ."

"ಇಲ್ರಿ."

"ಮುಧೋಳನೂ ಬಿಟ್ಟೆ."

"ನಿಮ್ಮ ನರ್ಸರಿ ಇರೂದ ಮುಧೋಳ ತಾಲೂಕಿನ್ಯಾಗ. ಅದನ್ನ ಬಿಟ್ರ ಗಾಡಿ ಹೊರಗ ಹೆಂಗ ಬರತೈತ್ರಿ?"

ಅವಸರದ ವ್ಯಾಪಾರ ಹೀಗೇ ಕೈ ಕೊಡುತ್ತದೆ. ಮೂರು ತಿಂಗಳನ್ನು ಒಂದೂವರೆಗೆ ಇಳಿಸಿ ಎಂದೆ. ಅವರು ತಲೆಯೆತ್ತದೆ ಹೇಳಿದರು, "ಇದು ಎತ್ತಿನ ಸಂತಿ ಅಲ್ರಿ."

ಕಡೆಯ ಉಪಾಯವೊಂದು ಉಳಿದಿತ್ತು. ನಮ್ಮ ಕಡೆ ಸಂತೆ ಮಾಡಿದವರಿಗೆ ಇದು ಗೊತ್ತು: ಮಾತು ಕುದುರದಿದ್ದರೆ ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಡಬೇಕು. ಮೂರು ಹೆಜ್ಜೆ, ಅದೂ ನಿಧಾನ. ಮೂರನೆಯದಕ್ಕೆ ಎದುರಿನವನು ಕರೆದೇ ಕರೆಯುತ್ತಾನೆ. ನಾನು ಟವೆಲ್ ಕೊಡವಿದೆ. ಮೂರು ಹೆಜ್ಜೆ ಮುಗಿದವು. ಐದಾದವು. ಬಾಗಿಲು ಬಂತು.

"ಯಜಮಾನ್ರ."

ಗೆದ್ದೆ ಅಂದುಕೊಂಡು ತಿರುಗಿದೆ.

"ಸಹಿ ಮಾಡಾಕ ಕೊಟ್ಟ ಪೆನ್ನ ನಂದ್ರಿ. ಇಟ್ಟ ಹೋಗ್ರಿ."

ಪೆನ್ನು ಇಟ್ಟೆ. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, "ಮನ್ಯಾಗ ಬ್ಯಾರೆ ಯಾರದೂ ಲೈಸನ್ಸ್ ಇಲ್ಲೇನ್ರಿ?" ಎಂದರು.

ಇತ್ತು. ಹತ್ತು ವರ್ಷದ ಹಿಂದೆ ಡ್ರೈವಿಂಗ್ ಕಲಿಸುವವರು ಇಬ್ಬರು ಸೇರಿದರೆ ಫೀ ಕಡಿಮೆ ಎಂದಿದ್ದರು. ಅದಕ್ಕೇ ಹೆಂಡತಿಯನ್ನೂ ಸೇರಿಸಿದ್ದೆ. ಪರೀಕ್ಷೆಯಲ್ಲಿ ಆಕೆ ಒಂದೇ ಸಲಕ್ಕೆ ಪಾಸಾದಳು. ನನಗೆ ಎರಡು ಸಲ ಬೇಕಾಯಿತು. ಅಂದಿನಿಂದ ಆಕೆಯ ಕೈಗೆ ಕೀಲಿ ಕೊಟ್ಟಿರಲಿಲ್ಲ, ಆಕೆ ಕೇಳಿಯೂ ಇರಲಿಲ್ಲ.

"ಕಾರಿನ ಲೈಸನ್ಸ್ ಐತ್ರಿ."

"ನಿಮ್ಮ ಪಿಕಪ್ಪಿಗೆ ಅದ ಸಾಕಲ್ರಿ. ಮತ್ತ ಇಲ್ಲಿ ತನಕ ಯಾಕ ಬಂದ್ರಿ?"

ಮನೆಗೆ ಬಂದಾಗ ಆಕೆ ಸಸಿಗೆ ನೀರು ಸಿಂಪಡಿಸುತ್ತಿದ್ದಳು. ವಿಷಯ ಹೇಳಿದೆ.

"ನಡಸತೇನಿ. ಮೊದಲ ಎರಡ ದಿನ ಬಯಲಾಗ ಕೈ ರೂಢಿ ಮಾಡ್ಕೋತೇನಿ. ನೀವು ಎಡಕ್ಕ ಕುಂಡ್ರಬೇಕು. ಬ್ರೇಕ್ ಹಿಡಿ, ಹಾರ್ನ್ ಹೊಡಿ ಅನ್ನಂಗಿಲ್ಲ. ಮೂರ ತಿಂಗಳ ಮುಗದ ಮ್ಯಾಲೂ ಕೀಲಿ ನನ್ನ ಕಡೆನ ಇರತೈತಿ."

"ಉಳಿದದ್ದೆಲ್ಲಾ ಕಬೂಲ. ಕೀಲಿದು ಅಷ್ಟ ಬಿಡು."

ಆಕೆ ಪೈಪು ಕೆಳಗಿಟ್ಟಳು. ಕೈ ಕೊಡವಿದಳು. ಸೆರಗು ಹೆಗಲಿಗೆ ಎಳೆದುಕೊಂಡು ಮನೆಯ ಕಡೆ ಹೊರಟಳು. ಒಂದು ಹೆಜ್ಜೆ. ಎರಡು. ಆ ನಡಿಗೆ ನನಗೆ ಚೆನ್ನಾಗಿ ಗೊತ್ತು. ಆಕೆಯ ದಾರಿಯ ಮಗ್ಗುಲಿಗೇ ತುಬಚಿಯ ಟ್ರೇಗಳು. ಅಂಚಿನ ಸಸಿಗಳ ಎಲೆತುದಿ ಆಗಲೇ ಹಳದಿಗೆ ತಿರುಗಿತ್ತು. ಮೂರನೆಯ ಹೆಜ್ಜೆಗೆ ನಾನೇ ಕರೆದೆ.

"ಬಾ ಇಲ್ಲೆ. ಕೀಲಿ ನಿಂದ."

ಭಾನುವಾರ ಸಸಿ ತುಂಬಿದೆವು. ದಾರಿಯುದ್ದಕ್ಕೂ ನಾನು ಬ್ರೇಕ್ ಎನ್ನಲಿಲ್ಲ, ಹಾರ್ನ್ ಎನ್ನಲಿಲ್ಲ. ಕಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ತುಬಚಿಯಲ್ಲಿ ರೈತರು ಒಂದೊಂದೇ ಟ್ರೇ ಎತ್ತಿ ನೋಡಿ, ಬೇರು ಹಿಡಿದು ನೋಡಿ, ಸಾಲಿನ ಬದಿಗೆ ಇಳಿಸಿಕೊಂಡರು.

"ಡ್ರೈವರ್ ಛಲೋ ಸಿಕ್ಕಾರಲ್ರಿ. ಪಗಾರ ಎಷ್ಟ ಮಾತಾಡೀರಿ?" ಎಂದು ನನ್ನನ್ನು ಕೇಳಿದರು.

ಉತ್ತರ ಕೊಟ್ಟವಳು ಆಕೆ. "ಇನ್ನೂ ಮಾತಾಡಾಕತ್ತೇವ್ರಿ."

ಮೂರು ತಿಂಗಳು ಮುಗಿದು ಲೈಸೆನ್ಸ್ ಕೈಗೆ ಬಂತು. ಕಾಯ್ದೆಯಲ್ಲಿ ಇಲ್ಲದ ಅನುಮತಿ ಮನೆಯಲ್ಲಿ ಸಿಕ್ಕಿದೆ: ಮುಧೋಳ ರಸ್ತೆ, ಸೋಮವಾರ ಮತ್ತು ಗುರುವಾರ, ಮಧ್ಯಾಹ್ನದೊಳಗೆ. ಬೀಳಗಿ ಕಡೆ ಹೋಗುವಂತಿಲ್ಲ, ಅಲ್ಲಿ ಆಕೆಯ ತವರಿನವರು ಕೈ ಮಾಡುತ್ತಾರೆ. ರಬಕವಿ-ಬನಹಟ್ಟಿಯನ್ನೂ ಕೇಳಿದ್ದೇನೆ. ನೋಡೋಣ ಎಂದಿದ್ದಾಳೆ.