ನಾನು ಓಡಿದ್ದು ತವರಿಗಲ್ಲ

ಗೆಳೆಯರೇ, ನಾನು ಓದಿದ್ದು ಐದನೇ ಇಯತ್ತೆ ಮಾತ್ರ, ಅಕ್ಷರ ತಪ್ಪಿದ್ದರೆ ಮನ್ನಿಸಿ. ಸಿಟ್ಟು ತಡೆಯಲಾಗದೆ ಬರೆಯುತ್ತಿದ್ದೇನೆ.

ಹತ್ತು ಕಿಲೋಮೀಟರ್ ನಿಲ್ಲದೆ ಓಡಬೇಕೆಂಬುದು ನನ್ನ ಎಷ್ಟೋ ದಿನಗಳ ಆಸೆ. ಇವತ್ತು ಎಂಟು ಮುಗಿದಿತ್ತು. ನಾನು ಮುಂದೆ ಓಡುತ್ತಿದ್ದೆ, ಯಜಮಾನರು ದೂರದಲ್ಲಿ ಸೈಕಲ್ ಮೇಲೆ ಬರುತ್ತಿದ್ದರು. ನನ್ನ ತವರೂರು ಪಕ್ಕದ ಹಳ್ಳಿ ಇಂದೂರ. ಓಡುವುದೂ ಅದೇ ರಸ್ತೆಯಲ್ಲಿ. ನಮ್ಮ ಓಣಿಯ ಬಸಣ್ಣ ಕಾಕಾ ಎದುರಿಗೆ ಬಂದವರು ಬೈಕನ್ನು ಅಡ್ಡ ನಿಲ್ಲಿಸಿದರು.

“ಏನವಾ, ಜಗಳಾ ಮಾಡಿ ತವರಮನಿಗೆ ಹೊಂಟೀಯೇನ? ಗಡಿಬಿಡಿಯೊಳಗ ಗಂಡನ ಬೂಟ ಹಾಕ್ಕೊಂಡ ಬಂದೀಯಲ್ಲ!”

ಬೂಟು ನನ್ನದೇ. ಏದುಸಿರಿನಲ್ಲಿ ಹೇಳಲಾಗಲಿಲ್ಲ. ಅಷ್ಟರಲ್ಲಿ ಬಂದ ಯಜಮಾನರಾದರೂ ನಿಜ ಹೇಳಬಾರದೇ?

“ನೀವರ ಹೇಳ್ರಿ ಕಾಕಾ, ನನ್ನ ಮಾತ ಕೇಳವಲ್ಲಳು” ಎಂದು ನಕ್ಕರು.

“ಹತ್ತವಾ ಗಾಡಿ!”

ಹಿರಿಯರ ಮಾತು ಮೀರುವುದು ನನ್ನಿಂದಾಗದು. ಹತ್ತಿದೆ. ಕಾಕಾ ನನ್ನನ್ನು ಅತ್ತೆಗೆ ಒಪ್ಪಿಸಿ, “ಸೊಸಿನ್ನ ಚೆಂದಂಗ ನೋಡ್ಕೋರಿ” ಎಂದು ಅವರಿಗೂ ಬುದ್ಧಿ ಹೇಳಿ, ಚಹಾ ಕುಡಿದು ಹೋದರು.

ನಾಳೆ ಮತ್ತೆ ಸೊನ್ನೆಯಿಂದ ಶುರು. ಯಜಮಾನರು ನಗುತ್ತಲೇ ಸ್ನಾನಕ್ಕೆ ಹೋದರು. ನಾಳೆ ಅವರೂ ಓಡಲಿ ಎಂದು ಸೈಕಲ್ಲಿನ ಎರಡೂ ಗಾಲಿಯ ಗಾಳಿ ಬಿಟ್ಟೆ.