ಸನ್ಮಾನಕ್ಕೆ ಮಾತ್ರ ತೆರೆದ ಗೇಟು

ಅಂಗವಿಕಲರ ಹಕ್ಕುಗಳ ಕೇಸು ನಡೆಸುವ ವಕೀಲೆ ನಾನು. ಓಡಾಡುವುದು ಗಾಲಿಕುರ್ಚಿಯಲ್ಲಿ. ಕೋರ್ಟಿನಲ್ಲಿ ನನ್ನ ಬಾಯಿಗೆ ಹೆದರುವವರಿದ್ದಾರೆ. ಆದರೆ ಜಯನಗರದಲ್ಲಿ ನಮ್ಮ ಬೀದಿಯ ಪಾರ್ಕಿನ ಗೇಟಿಗೆ ಮಾತ್ರ ನನ್ನ ವಾದ ನಾಟುತ್ತಿರಲಿಲ್ಲ. ಬೈಕು, ದನ ನುಗ್ಗಬಾರದೆಂದು ಅದರ ನಡುವೆ ಕಬ್ಬಿಣದ ಕಂಬ ನೆಟ್ಟಿದ್ದರು. ನನ್ನನ್ನೂ ದನದ ಸಾಲಿಗೇ ಸೇರಿಸಿದ್ದರು ಅನ್ನಿ.

ಅಮ್ಮನಿಗೆ ಕಣ್ಣು ಮಂದ. ಅವಳು ಕುರ್ಚಿ ತಳ್ಳುತ್ತಾಳೆ, ನಾನು ದಾರಿ ಹೇಳುತ್ತೇನೆ. ನಾನಿಲ್ಲದೆ ಅವಳೂ ಪಾರ್ಕಿಗೆ ಹೋಗುವಂತಿಲ್ಲ. ಹಾಗಾಗಿ ನಮ್ಮಿಬ್ಬರ ವಾಕಿಂಗ್ ರಸ್ತೆಯಲ್ಲೇ, ಹಾರ್ನುಗಳ ನಡುವೆ. ಒಮ್ಮೆ ಸ್ಕೂಟರ್ ತಗುಲಿ ಅಮ್ಮ ಬಿದ್ದದ್ದೂ ಆಗಿತ್ತು.

ಬಡಾವಣೆಯ ಸಂಘದ ಅಧ್ಯಕ್ಷರಿಗೆ ಎಷ್ಟು ಸಲ ಹೇಳಿದೆನೋ! "ಕಂಬ ತೆಗೆಯೋದು ನಮ್ಮ ಕೈಲಿಲ್ಲ ಮೇಡಂ, ಮೇಲಿನವರ ಪರ್ಮಿಶನ್ ಬೇಕು," ಪ್ರತಿಸಲ ಅದೇ ರಾಗ. ಒಂದು ದಿನ ಅವರೇ ಹಲ್ಲು ಕಿರಿಯುತ್ತಾ ಮನೆಗೆ ಬಂದರು. ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನವಂತೆ. ಎಲ್ಲಿ? ಅದೇ ಪಾರ್ಕಿನಲ್ಲಿ!

"ಒಳಗೆ ಹೇಗೆ ಬರ್ಲಿ ಸಾರ್?"

"ಅದಕ್ಕೇನಂತೆ! ನಾಲ್ಕು ಜನ ಕುರ್ಚಿ ಸಮೇತ ಎತ್ಕೊಂಡು ಹೋಗ್ತೀವಿ."

"ನಾನೇನು ಉತ್ಸವಮೂರ್ತಿನಾ? ದಿನಾ ಬೆಳಿಗ್ಗೆ ಬರ್ತೀರಾ ಎತ್ತೋಕೆ?"

"ಎಲ್ಲಾದಕ್ಕೂ ಲಾ ಮಾತಾಡ್ತೀರಪ್ಪ ನೀವು," ಎಂದು ನಕ್ಕರು.

ಆದರೂ ಅಮ್ಮನ ಜೊತೆ ಹೋದೆ, ಗೇಟಿನ ಹೊರಗೆ ಕೂತು ತಮಾಷೆ ನೋಡೋಣ ಅಂತ. ಮುಖ್ಯ ಅತಿಥಿ ಬಂದರು. ನಿವೃತ್ತ ದೊಡ್ಡ ಅಧಿಕಾರಿ, ಮಂಡಿ ಆಪರೇಷನ್ ಆಗಿ ಕೈಯಲ್ಲಿ ವಾಕರ್. ವಾಕರ್ ಕಂಬಕ್ಕೆ ಸಿಕ್ಕಿಕೊಂಡಿತು. ಇವರನ್ನು ಎತ್ತಿಕೊಂಡು ಹೋಗೋಣ ಅನ್ನುವ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ ನೋಡಿ! ಅಧ್ಯಕ್ಷರು ಬೆವರುತ್ತಾ ಗ್ರಿಲ್ ಅಂಗಡಿಗೆ ಫೋನು ಮಾಡಿದರು. ಕಟರ್ ಬಂತು, ಕಿಡಿ ಹಾರಿತು, ಕಂಬ ಬಿತ್ತು. ಅಷ್ಟು ಬೇಗ ಪರ್ಮಿಶನ್ ಕೊಟ್ಟ ಆ ಮೇಲಿನವರು ಯಾರೋ, ದೇವರೇ ಬಲ್ಲ.

ಅತಿಥಿಯ ಹಿಂದೆ ನಾವೂ ಒಳಗೆ ಹೋದೆವು. ಶಾಲು, ಪೇಟ, ಹಣ್ಣಿನ ಬುಟ್ಟಿ. ಭಾಷಣದಲ್ಲಿ ನನ್ನನ್ನು "ದೇವರ ಮಗು" ಅಂದರು. ಥೂ, ಐವತ್ತು ದಾಟಿದ ಮಗು! ಅಮ್ಮ ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಫೋಟೋ ಮುಗಿದದ್ದೇ ತಡ, ಕುರ್ಚಿ ತಳ್ಳಿಕೊಂಡು ಹೊಂಗೆ ಮರಗಳ ನೆರಳಲ್ಲಿ ಸುತ್ತು ಹಾಕಿದಳು. ಹಾರ್ನಿಲ್ಲದ ದಾರಿಯಲ್ಲಿ ಅವಳ ಕೈ ಹಗುರಾಗಿದ್ದು ನನಗೆ ಗೊತ್ತಾಯಿತು.

ಮುಂದಿನ ವಾರ ಕಂಬ ಮತ್ತೆ ನಿಂತಿತ್ತು, ಹೊಸ ಬಣ್ಣ ಬಳಿದುಕೊಂಡು. "ನಿಲ್ಲಮ್ಮ," ಅಂದೆ.

"ಯಾಕೆ? ಮೊನ್ನೆ ದಾರಿ ಇತ್ತಲ್ಲೇ?"

ಸೀದಾ ಮನೆಗೆ ವಾಪಸಾಗಿ ಫೋನು ತೆಗೆದೆ. ಸಂಘದವರೇ ಹೆಮ್ಮೆಯಿಂದ ಕಳಿಸಿದ್ದ ಫೋಟೋ ನನ್ನ ಬಳಿಯಿತ್ತು: ಮುಂದೆ ಪೇಟ ತೊಟ್ಟ ನಾನು, ಹಿಂದೆ ಕಂಬವಿಲ್ಲದ ಗೇಟು. ಅದನ್ನೇ ಲಗತ್ತಿಸಿ ಅಂಗವಿಕಲರ ಆಯುಕ್ತರಿಗೆ ದೂರು ಕೊಟ್ಟೆ.

ಅಧ್ಯಕ್ಷರು ಓಡಿ ಬಂದರು. "ಶಾಲು ಹೊದಿಸಿದ್ದಕ್ಕೆ ಇದಾ ಮೇಡಂ ಮರ್ಯಾದೆ?"

"ಶಾಲು ವಾಪಸ್ ತಗೊಳ್ಳಿ ಸಾರ್. ಕಂಬಕ್ಕೆ ಹೊದಿಸಿ."

ಆದೇಶ ಬಂದ ಮೇಲೆ ಅದೇ ಗ್ರಿಲ್ ಅಂಗಡಿಯವನು ಬಂದು ಕಂಬವನ್ನು ಬುಡಸಮೇತ ಕಿತ್ತ. ಈ ಸಲ ಪೇಟವಿಲ್ಲ, ಭಾಷಣವಿಲ್ಲ, ಅಧ್ಯಕ್ಷರ ಸುಳಿವೂ ಇಲ್ಲ. ಅಮ್ಮ ಕೈಚಾಚಿ ಕಂಬವಿದ್ದ ಜಾಗವನ್ನು ತಡವಿ ನೋಡಿದಳು. ಆಮೇಲೆ ಕುರ್ಚಿಯ ಹಿಡಿ ಹಿಡಿದು, "ಸರಿ, ದಾರಿ ಹೇಳು," ಅಂದಳು.